ಉಳಿದರೆ ಕೊಡೋಣ

ಸಣ್ಣ ನಾಟಕ ತಂಡವೊಂದಕ್ಕೆ ನಾನು ನಾಲ್ಕು ವರ್ಷ ಖಜಾಂಚಿಯಾಗಿದ್ದೆ. ಆ ಕಾಲದ ಲೆಕ್ಕದ ಪುಸ್ತಕ ಮೊನ್ನೆ ಕಪಾಟು ಒರೆಸುವಾಗ ಕೈಗೆ ಸಿಕ್ಕಿತು. ಮೊದಲ ಮೂರು ವರ್ಷಗಳ ಪ್ರತಿ ಪುಟದಲ್ಲೂ ನನ್ನದೇ ಕೈಬರಹ, ಒಂದೇ ಕ್ರಮ: ರಂಗಮಂದಿರದ ಬಾಡಿಗೆ, ಧ್ವನಿ ಮತ್ತು ಬೆಳಕಿನ ಬಾಡಿಗೆ, ಪೋಸ್ಟರ್ ಮುದ್ರಣ, ಸಾಗಣೆ, ವೇಷಭೂಷಣ. ಎಲ್ಲಕ್ಕಿಂತ ಕೆಳಗೆ, ಪುಟ ಮುಗಿಯುವ ಕಡೆ, ‘ಕೆಲಸದವರಿಗೆ – ಉಳಿದರೆ’.

ಹಾಗೆ ಬರೆಯುವಾಗ ನನ್ನ ಕೈ ಒಮ್ಮೆಯೂ ತಡೆದಿರಲಿಲ್ಲ. ರಂಗಮಂದಿರದವರು ಮುಂಗಡ ಕಟ್ಟದೆ ಬೀಗ ತೆಗೆಯುವುದಿಲ್ಲ. ಮುದ್ರಣಾಲಯದವನ ಮುಂದೆ ನಿಂತು ‘ನಾವು ಕಲೆಗಾಗಿ ದುಡಿಯುವವರು’ ಎಂದರೆ ಅವನು ಕಾಗದದ ಬೆಲೆ ಹೇಳುತ್ತಾನೆ. ಅವನದು ತಪ್ಪೂ ಅಲ್ಲ. ಆ ಮಾತಿಗೆ ಕರಗುವವರು ನಮ್ಮೊಳಗಿನವರು ಮಾತ್ರ, ಏಕೆಂದರೆ ಅವರಿಗೆ ಅದು ನಿಜವಾಗಿಯೂ ಪ್ರೀತಿಯ ಕೆಲಸ. ಆ ಪ್ರೀತಿಯನ್ನು ನಾನು ರಿಯಾಯಿತಿ ಎಂದು ಲೆಕ್ಕಕ್ಕೆ ಹಿಡಿದೆ.

ನಮ್ಮ ಕಚೇರಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕಾಗದದಲ್ಲಿ ಅರೆಕಾಲಿಕ ಸಹಾಯಕಿ. ಟಿಕೆಟ್ ಲೆಕ್ಕ ಅವಳದು, ಧನಸಹಾಯದ ಅರ್ಜಿ ಅವಳದು, ಪತ್ರಿಕೆಗೆ ಟಿಪ್ಪಣಿ ಬರೆಯುವವಳು ಅವಳು, ತಾಲೀಮು ಮುಗಿದ ಮೇಲೆ ಕುರ್ಚಿ ಜೋಡಿಸಿ ಬಾಗಿಲು ಹಾಕುವವಳೂ ಅವಳೇ. ಒಂದು ಪ್ರದರ್ಶನದ ವಾರ, ಏನೋ ಕುತೂಹಲಕ್ಕೆ, ಅವಳ ಗಂಟೆಗಳನ್ನು ನಾನು ಗುಟ್ಟಾಗಿ ಎಣಿಸಿದೆ. ಅರವತ್ತು ದಾಟಿತು. ಸಂಬಳ ಇಪ್ಪತ್ತು ಗಂಟೆಯದು. ಆ ಸಂಖ್ಯೆಯನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ, ಅವಳಿಗೆ ಹೇಳಲಿಲ್ಲ, ಸಮಿತಿಗೂ ಹೇಳಲಿಲ್ಲ. ಮುಂದೆಯೂ ಕೆಲವು ವಾರ ಎಣಿಸಿದ್ದೇನೆ, ಸುಮ್ಮನೆ ಇದ್ದೇನೆ. ಎರಡನೆಯ ವರ್ಷದ ಕೊನೆಯಲ್ಲಿ ಅವಳು ಬಿಟ್ಟುಹೋದಳು. ಅವಳಿಗೆ ಬಹಳ ಸೊಗಸಾದ ಶಿಫಾರಸು ಪತ್ರ ಬರೆದುಕೊಟ್ಟೆ. ಅದಕ್ಕೆ ಖರ್ಚಿರಲಿಲ್ಲ.

ಈ ವ್ಯವಹಾರಕ್ಕೆ ನಾವು ಇಟ್ಟುಕೊಂಡಿರುವ ಹೆಸರನ್ನೇ ನೋಡಿ: ಗೌರವಧನ. ಸಂಬಳ ಕಡಿಮೆಯಾಯಿತೆಂದು ಜಗಳವಾಡಬಹುದು, ಗೌರವ ಕಡಿಮೆಯಾಯಿತೆಂದು ಬಾಯಿ ಬಿಟ್ಟು ಕೇಳುವುದು ಹೇಗೆ? ಪದವೇ ಬಾಯಿ ಕಟ್ಟುತ್ತದೆ. ಲಕೋಟೆಯೊಳಗೆ ಎಷ್ಟಿದೆ ಎಂದು ಕೊಟ್ಟವರೂ ಹೇಳುವುದಿಲ್ಲ, ಪಡೆದವರೂ ಅಲ್ಲಿಯೇ ತೆರೆದು ನೋಡುವುದಿಲ್ಲ.

ಸಮಿತಿಯಲ್ಲಿ ಅರ್ಥಶಾಸ್ತ್ರ ಓದಿದ ಹಿರಿಯರೊಬ್ಬರಿದ್ದರು. ಸಂಬಳದ ಮಾತು ಬಂದಾಗಲೆಲ್ಲ ಅವರು ಬೌಮಲ್ ಹೆಸರು ತೆಗೆಯುತ್ತಿದ್ದರು. ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲಿ ಮುಂದಿಟ್ಟ ವಾದ ಅದು. ಯಂತ್ರ ಬಂದ ಮೇಲೆ ಕಾರ್ಖಾನೆಯ ಕೆಲಸಗಾರ ಒಂದು ಗಂಟೆಯಲ್ಲಿ ಹಿಂದಿಗಿಂತ ಎಷ್ಟೋ ಪಟ್ಟು ಹೆಚ್ಚು ಸರಕು ತಯಾರಿಸುತ್ತಾನೆ, ಅವನ ಕೂಲಿಯೂ ಏರುತ್ತದೆ. ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಮಾತ್ರ ಇಂದಿಗೂ ನಾಲ್ವರೇ ಬೇಕು, ಹಿಂದೆ ಹಿಡಿಯುತ್ತಿದ್ದಷ್ಟೇ ಹೊತ್ತು ಬೇಕು. ಹಾಗಾಗಿ ಕಲೆಯ ಖರ್ಚು ಏರುತ್ತಲೇ ಹೋಗುತ್ತದೆ, ಆದಾಯ ಹಿಂದೆ ಬೀಳುತ್ತದೆ. ಇದು ನಿಜ, ಒಪ್ಪುತ್ತೇನೆ. ಆದರೆ ಹಳ್ಳ ಇದ್ದೇ ಇರುತ್ತದೆ ಎಂದಷ್ಟೇ ಆ ವಾದ ಹೇಳುತ್ತದೆ. ಆ ಹಳ್ಳವನ್ನು ಕುರ್ಚಿ ಜೋಡಿಸುವವಳ ಸಂಬಳದಿಂದ ತುಂಬಿ ಎಂದು ಎಲ್ಲಿಯೂ ಹೇಳುವುದಿಲ್ಲ. ಹಿರಿಯರಿಗೆ ಇದನ್ನು ಆಗ ಹೇಳಲು ನನಗೆ ತೋಚಲಿಲ್ಲ. ತೋಚಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

‘ನಮ್ಮಂಥ ಸಣ್ಣವರಿಗೆ ಮಾನದಂಡ ಎಲ್ಲಿಂದ’ ಎಂಬುದು ಇನ್ನೊಂದು ಮಾತು. ಕೆನಡಾದಲ್ಲಿ ಜ್ಯಾಕ್ ಚೇಂಬರ್ಸ್ ಎಂಬ ಚಿತ್ರಕಾರ 1968ರಲ್ಲಿ ಇತರ ಕಲಾವಿದರೊಂದಿಗೆ ಕಾರ್ಫ್ಯಾಕ್ ಎಂಬ ಸಂಘ ಕಟ್ಟಿದ. ಚಿತ್ರ ಪ್ರದರ್ಶಿಸಿದರೆ ಕಲಾವಿದನಿಗೆ ಕನಿಷ್ಠ ಇಷ್ಟು ಕೊಡಬೇಕು ಎಂಬ ಪಟ್ಟಿಯನ್ನು ಆ ಸಂಘ ಇಂದಿಗೂ ಪ್ರಕಟಿಸುತ್ತದೆ. ನ್ಯೂಯಾರ್ಕ್‌ನಲ್ಲಿ 2008ರಲ್ಲಿ ಹುಟ್ಟಿದ ಇನ್ನೊಂದು ಸಂಘಟನೆಯ ಹೆಸರು ವೇಜ್. ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಕೂಲಿ’ ಎಂಬ ಅರ್ಥ ಬರುವಂತೆ ಮಾಡಿಕೊಂಡಿದ್ದಾರೆ. ಗೌರವಧನದ ಮುಲಾಜು ಅವರಿಗಿಲ್ಲ. ಸರಿಯಾಗಿ ಶುಲ್ಕ ಕೊಡುವ ಕಲಾಸಂಸ್ಥೆಗಳಿಗೆ 2014ರಿಂದ ಅವರು ಪ್ರಮಾಣಪತ್ರ ಕೊಡುತ್ತಿದ್ದಾರೆ. ಅದರಲ್ಲಿ ನನಗೆ ಹಿಡಿಸಿದ್ದು ಲೆಕ್ಕದ ಕ್ರಮ. ಶುಲ್ಕವನ್ನು ಸಂಸ್ಥೆಯ ವಾರ್ಷಿಕ ನಿರ್ವಹಣಾ ವೆಚ್ಚಕ್ಕೆ ಕಟ್ಟಿಹಾಕಿದ್ದಾರೆ. ದೊಡ್ಡವರು ಹೆಚ್ಚು ಕೊಡಬೇಕು. ವರ್ಷಕ್ಕೆ 5 ಲಕ್ಷ ಡಾಲರಿಗಿಂತ ಕಡಿಮೆ ವೆಚ್ಚ ಮಾಡುವವರಿಗೆ ಒಂದು ಕನಿಷ್ಠ ಮೊತ್ತ ಇದೆ, ಅದರ ಕೆಳಗೆ ಇಳಿಯುವಂತಿಲ್ಲ. ಸಣ್ಣವರಿಗೂ ಒಂದು ತಳ ಇರಬಹುದು ಎಂದಾಯಿತು.

ಒಂದು ತಕರಾರೂ ಇದೆ. ಇವೆಲ್ಲ ಮುಖ್ಯವಾಗಿ ಕಲಾವಿದರಿಗೆ ಕೊಡುವ ಶುಲ್ಕದ ಮಾತು. ಅರ್ಜಿ ಬರೆಯುವವರು, ದೀಪ ಕಟ್ಟುವವರು, ಬಾಗಿಲು ಕಾಯುವವರು ಅಲ್ಲಿಯೂ ಹಿಂದಿನ ಸಾಲಿನವರೇ. ಫ್ರಾನ್ಸ್‌ನ ವ್ಯವಸ್ಥೆ ಈ ವಿಷಯದಲ್ಲಿ ಮೇಲು: ರಂಗದ ಮೇಲಿನ ಕಲಾವಿದರಂತೆಯೇ ತಂತ್ರಜ್ಞರೂ ಹನ್ನೆರಡು ತಿಂಗಳಲ್ಲಿ 507 ಗಂಟೆ ದುಡಿದಿದ್ದರೆ ಕೆಲಸವಿಲ್ಲದ ದಿನಗಳಿಗೆ ಭತ್ಯೆ ಪಡೆಯಬಹುದು. ಇಷ್ಟೆಲ್ಲ ಆಗಬೇಕಾದರೆ ಯಾರಾದರೂ ಗಂಟೆಗಳನ್ನು ಬರೆದಿಡಬೇಕು. ಪುಸ್ತಕದ ಅಂಚಿನಲ್ಲಲ್ಲ.

ಹಣ ಕೊಡುವವರ ಬಗ್ಗೆ ಹೇಳದೆ ಈ ಬರಹ ಮುಗಿಸಿದರೆ ಅನ್ಯಾಯವಾಗುತ್ತದೆ. ಧನಸಹಾಯದ ಅರ್ಜಿ ತುಂಬಿದವರಿಗೆಲ್ಲ ಗೊತ್ತು, ‘ಆಡಳಿತ ವೆಚ್ಚ’ ಎಂಬ ಒಂದು ಸಾಲು ಇರುತ್ತದೆ, ಅದಕ್ಕೊಂದು ಮಿತಿ ಇರುತ್ತದೆ. ದೊಡ್ಡ ಸಂಸ್ಥೆಯಲ್ಲಿ ಆಡಳಿತವೇ ಬೇರೆ, ಕೆಲಸವೇ ಬೇರೆ ಇರಬಹುದು. ನಮ್ಮಲ್ಲಿ ಎರಡೂ ಸೇರಿ ಒಬ್ಬಳೇ ಹುಡುಗಿ. ಅವಳು ನಾಟಕದ ತರಬೇತಿ ಶಿಬಿರ ನಡೆಸಿದ ಹೊತ್ತನ್ನೂ ನಾವು ಆಡಳಿತ ಎಂದೇ ಬರೆದು, ಮಿತಿ ಮೀರಿತೆಂದು ಹೊಡೆದುಹಾಕಿದೆವು. ಮಿತಿಯೊಳಗಿನ ಕಡಿಮೆ ಆಡಳಿತ ವೆಚ್ಚವನ್ನು ನೋಡಿ ದಾನಿಗಳು ಮೆಚ್ಚಿದರು. ಮೆಚ್ಚಿದ ಮೇಲೆ ಮುಂದಿನ ವರ್ಷ ಅದನ್ನು ಹೆಚ್ಚಿಸಿ ತೋರಿಸಲು ನಮಗೆ ಧೈರ್ಯ ಬರಲಿಲ್ಲ. ಅಗ್ಗವಾಗಿ ಕಾಣುವುದು ಒಂದು ಚಟ, ಹಿಡಿದರೆ ಬಿಡುವುದಿಲ್ಲ.

ಸ್ವಯಂಸೇವಕರ ಬಗ್ಗೆ ನನ್ನ ತಕರಾರಿಲ್ಲ. ‘ನಾಳೆ ನನಗೆ ಬರಲಾಗುವುದಿಲ್ಲ’ ಎಂದು ಹೇಳಿ ಮನೆಯಲ್ಲಿ ನೆಮ್ಮದಿಯಾಗಿ ಇರಬಲ್ಲವನು ಸ್ವಯಂಸೇವಕ. ಬಾರದಿದ್ದರೆ ಪ್ರದರ್ಶನವೇ ನಿಲ್ಲುತ್ತದೆ ಎಂದಾದರೆ ಅವನು ಕೆಲಸಗಾರ, ಹೆಸರು ಏನೇ ಇಡಿ. ಸಂಬಳವಿಲ್ಲದೆ ವರ್ಷಗಟ್ಟಲೆ ಕಾಯಬಲ್ಲವರು ಯಾರು? ಬೆನ್ನಿಗೆ ಮನೆಯ ಆಸ್ತಿಯೋ ಸಂಗಾತಿಯ ಸಂಬಳವೋ ಇದ್ದವರು. ಉಳಿದವರು ಒಂದೆರಡು ವರ್ಷ ನೋಡಿ ಹೊರಡುತ್ತಾರೆ. ಆಮೇಲೆ ರಂಗದ ಮೇಲೆ ಯಾರ ಕಥೆ ಬರಬೇಕೆಂದು ತೀರ್ಮಾನಿಸಲು ಉಳಿಯುವವರು ಒಂದೇ ಬಗೆಯ ಜನ. ನಾವೇ, ಅಂದರೆ.

ನಾಲ್ಕನೆಯ ವರ್ಷ ನಾನು ಮಾಡಿದ್ದು ಸಣ್ಣ ಕೆಲಸ. ಸಾಲುಗಳನ್ನು ಬುಡಮೇಲು ಮಾಡಿದೆ. ಕೆಲಸದವರ ಸಂಬಳ ಮೊದಲು: ತಾಲೀಮಿನ ಗಂಟೆ, ರಂಗಸಜ್ಜಿಕೆ ಕಟ್ಟುವ ಮತ್ತು ಬಿಚ್ಚುವ ಗಂಟೆ, ಮಿಂಚಂಚೆಗೆ ಉತ್ತರಿಸುವ ಗಂಟೆ ಎಲ್ಲ ಸೇರಿ. ಮೊತ್ತ ಎಷ್ಟು, ಯಾವ ತಾರೀಖಿಗೆ ಎಂಬುದನ್ನು ಕೆಲಸಕ್ಕೆ ಮೊದಲೇ ಬರೆದು ಕೊಟ್ಟೆವು. ಸಮಿತಿಯಲ್ಲಿ ದೊಡ್ಡ ಜಗಳವಾಯಿತು, ಒಬ್ಬರು ರಾಜೀನಾಮೆ ಕೊಟ್ಟರು. ವರ್ಷಕ್ಕೆ ಐದು ನಾಟಕ ಆಡುತ್ತಿದ್ದವರು ಮೂರಕ್ಕೆ ಇಳಿದೆವು. ಎರಡು ನಾಟಕ ಕಡಿಮೆಯಾದದ್ದಕ್ಕೆ ನನಗೂ ಬೇಸರವಿತ್ತು, ಅವುಗಳಲ್ಲಿ ಒಂದು ನಾನೇ ಆಸೆಪಟ್ಟು ಆರಿಸಿದ್ದು. ಆ ವರ್ಷದ ಪುಟಗಳ ಕೊನೆಯ ಸಾಲಿನಲ್ಲಿ ‘ಪೋಸ್ಟರ್ – ಉಳಿದರೆ’ ಎಂದಿದೆ. ಉಳಿಯಲಿಲ್ಲ. ಕೈಯಲ್ಲೇ ಬರೆಸಿದೆವು, ಬರೆದವನ ಗಂಟೆಗಳನ್ನು ಮೊದಲ ಸಾಲಿಗೆ ಸೇರಿಸಬೇಕಾಗಿ ಬಂತು. ಜನ ಬಂದರು. ಎಂದಿನಷ್ಟೇ.

ಪುಸ್ತಕ ಸಿಕ್ಕ ರಾತ್ರಿ ಅಂಚಿನಲ್ಲಿದ್ದ ಪೆನ್ಸಿಲಿನ ಸಂಖ್ಯೆಗಳನ್ನೆಲ್ಲ ಕೂಡಿಸಿದೆ. ಸಂಬಳ ಕೊಡದ ಗಂಟೆಗಳು ಇನ್ನೂರ ಹದಿನಾಲ್ಕು. ಅವಳ ಮೊಬೈಲ್ ಸಂಖ್ಯೆ ಇನ್ನೂ ನನ್ನ ಬಳಿ ಇತ್ತು. ಕ್ಷಮೆ ಕೇಳಿ, ಸಂಖ್ಯೆ ಬರೆದು ಕಳುಹಿಸಿದೆ. ಬೆಳಿಗ್ಗೆ ಉತ್ತರ ಬಂದಿತ್ತು: ‘ನೀವೂ ಎಣಿಸುತ್ತಿದ್ದಿರಾ ಸರ್? ನನ್ನ ಡೈರಿಯಲ್ಲಿ ಆರುನೂರಕ್ಕಿಂತ ಹೆಚ್ಚಿದೆ.’