ಯಾರಾದರೂ ಆಡಿಬಿಟ್ಟರೆ?

ಅಮೆರಿಕದ ಕಾಪಿರೈಟ್ ಆಫೀಸಿಗೂ ನಮ್ಮಮ್ಮನಿಗೂ ಒಳಗೊಳಗೇ ಪರಿಚಯ ಇದೆ ಅಂತ ನನಗೆ ಈಗೀಗ ಅನುಮಾನ.

2024ರ ಅಕ್ಟೋಬರ್‌ನಲ್ಲಿ ಅವರು ತಗೊಂಡ ನಿರ್ಧಾರ ನಿಮಗೆ ನೆನಪಿರಬೇಕು. ಅಂಗಡಿಯಲ್ಲಿ ಎಲ್ಲೂ ಸಿಗದ ಹಳೆಯ ವಿಡಿಯೋ ಗೇಮ್‌ಗಳನ್ನು ಸಂಶೋಧಕರು ಮನೆಯಿಂದಲೇ ತೆರೆದು ನೋಡಲು ಬಿಡಿ ಎಂದು ಲೈಬ್ರರಿಗಳು ಕೇಳಿಕೊಂಡಿದ್ದವು. ಆಗಲ್ಲ ಅಂದರು. ಯಾಕಂತೆ? ಹಾಗೆ ಬಿಟ್ಟರೆ ಜನ ಸಂಶೋಧನೆ ಪಕ್ಕಕ್ಕಿಟ್ಟು ಮಜಾಕ್ಕೆ ಆಡಿಬಿಡಬಹುದಂತೆ.

ಹೌದು ಸ್ವಾಮಿ. ಆಟವನ್ನು ಜನ ಆಡಿಬಿಟ್ಟಾರು!

ಬೇರೆ ಸಾಫ್ಟ್‌ವೇರಿಗೆ ಈ ಮಡಿ ಇಲ್ಲ. ಹಳೇ ಕಾಲದ ಲೆಕ್ಕಪತ್ರದ ಪ್ರೋಗ್ರಾಮನ್ನು ಲೈಬ್ರರಿಯವರು ನಿಮ್ಮ ಮನೆಗೇ ತೋರಿಸಬಹುದು. ಅದರಲ್ಲಿ ಯಾರೂ ಸಂತೋಷಪಡುವುದಿಲ್ಲ ಅನ್ನುವ ಗ್ಯಾರಂಟಿ ಇದೆ. ಆಟ ಬೇಕೆಂದರೆ ಮಾತ್ರ ವಿಮಾನ ಹತ್ತಿ, ಲೈಬ್ರರಿಗೆ ಹೋಗಿ, ಅಲ್ಲೇ ಕೂತು ನೋಡಬೇಕು.

ನಮ್ಮನೆಯಲ್ಲೂ ಇದೇ ಕಾನೂನು ಇತ್ತು. ತೊಂಬತ್ತರ ದಶಕದಲ್ಲಿ ಮಾವ ಬೆಂಗಳೂರಿಂದ ಒಂದು ಟಿವಿ ಗೇಮ್ ತಂದುಕೊಟ್ಟಿದ್ದ. ಜೊತೆಗೆ ಹಳದಿ ಕ್ಯಾಸೆಟ್, 9999 ಆಟ. ಬಿಡಿಸಿ ನೋಡಿದರೆ ಇಪ್ಪತ್ತೇ ಆಟ, ಉಳಿದದ್ದೆಲ್ಲ ಅವೇ ಹೆಸರು ಬದಲಾಯಿಸಿಕೊಂಡು ಬಂದವು. ಅಮ್ಮ ಅದನ್ನು ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಇಟ್ಟಳು. ಬಂದವರಿಗೆಲ್ಲ ತೋರಿಸುತ್ತಿದ್ದಳು. ಟಿವಿಗೆ ಸಿಕ್ಕಿಸಲು ಹೋದರೆ ಮಾತ್ರ, "ಪಿಕ್ಚರ್ ಟ್ಯೂಬ್ ಹೋಗುತ್ತೆ ಕಣೋ, ಸುಮ್ನೆ ಇಡು ಅದನ್ನ!" ಪರಂಪರೆಯ ಸಂರಕ್ಷಣೆ ಅಂದರೆ ಇದೇ ಅಲ್ವಾ? ನಮ್ಮಮ್ಮ ಮೂವತ್ತು ವರ್ಷ ಮುಂದಿದ್ದಳು.

ಸೂಪರ್‌ಹೀರೋ ಗೇಮ್‌ಗಳ ಪಾಡು ಇನ್ನೂ ಚೆನ್ನ. 1979ರಲ್ಲಿ ಅಟಾರಿ 2600 ಅನ್ನೋ ಟಿವಿ ಗೇಮ್ ಪೆಟ್ಟಿಗೆಗೆ ಸೂಪರ್‌ಮ್ಯಾನ್ ಬಂದ. ಬರೀ 4 ಕೆಬಿ. ಈಗ ನಿಮ್ಮ ಅತ್ತೆ ಕಳಿಸುವ ಗುಡ್ ಮಾರ್ನಿಂಗ್ ಗುಲಾಬಿ ಅದರ ಎಷ್ಟೋ ಪಟ್ಟು ದೊಡ್ಡದು. ಆ 4 ಕೆಬಿಯಲ್ಲೇ ವಿಲನ್ ಲೆಕ್ಸ್ ಲೂಥರ್ ಸೇತುವೆ ಒಡೆಯುತ್ತಾನೆ, ಕ್ಲಾರ್ಕ್ ಕೆಂಟ್ ಅನ್ನೋ ಹೆಸರಲ್ಲಿ ಆಫೀಸಿಗೆ ಹೋಗುವ ನಮ್ಮ ಸೂಪರ್‌ಮ್ಯಾನ್ ಫೋನ್ ಬೂತಿಗೆ ನುಗ್ಗಿ ಬಟ್ಟೆ ಬದಲಿಸುತ್ತಾನೆ, ಸೇತುವೆ ಜೋಡಿಸುತ್ತಾನೆ, ಕಳ್ಳರನ್ನು ಹಿಡಿಯುತ್ತಾನೆ, ಆಮೇಲೆ ಪಾಪ ಆಫೀಸಿಗೂ ವಾಪಸ್ ಹೋಗುತ್ತಾನೆ. ಆಗ ಅಟಾರಿಯೂ ವಾರ್ನರ್ ಕಂಪನಿಯದು, ಸೂಪರ್‌ಮ್ಯಾನೂ ವಾರ್ನರ್ ಕಂಪನಿಯವನು. ಸೋದರಮಾವನ ಮಗಳನ್ನೇ ತಂದುಕೊಂಡ ಹಾಗೆ, ಹೊರಗಿನವರ ತಂಟೆ ಇರಲಿಲ್ಲ.

ಈಗ ಹಾಗಲ್ಲ. ಹೀರೋ ಒಬ್ಬರ ಆಸ್ತಿ, ಆಟ ಇನ್ನೊಬ್ಬರದು, ನಡುವೆ ಒಂದು ಲೈಸೆನ್ಸ್. ಅದರ ಅವಧಿ ಮುಗಿದ ದಿನ ಇಬ್ಬರೂ ಅಂಗಡಿಯಿಂದ ಹೊರಕ್ಕೆ. ಡೆಡ್‌ಪೂಲ್ ಗೇಮ್ 2013ರಲ್ಲಿ ಬಂತು. 2014ರ ಹೊಸ ವರ್ಷಕ್ಕೆ ಡಿಜಿಟಲ್ ಅಂಗಡಿಗಳಿಂದ ಮಾಯ. 2015ರಲ್ಲಿ ಪ್ರತ್ಯಕ್ಷ. 2017ರಲ್ಲಿ ಮತ್ತೆ ಮಾಯ. ಸಂಜೆ ಸೀರಿಯಲ್‌ನಲ್ಲಿ ಸತ್ತ ಗಂಡನೂ ಇಷ್ಟು ಸಲ ಹೋಗಿ ಬರುವುದಿಲ್ಲ. ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2 ಅಂತೂ 2013ರ ಕೊನೆಗೆ ಕಾಡಿಗೆ ಹೋಗಿ 2024ರಲ್ಲಿ ಊರಿಗೆ ಬಂತು. ಹತ್ತಿರ ಹತ್ತಿರ ಹನ್ನೊಂದು ವರ್ಷ. ಜೂಜಾಡಿ ಸೋತ ಪಾಂಡವರಿಗೆ ಹದಿಮೂರು. ಇವರು ಯಾವ ಜೂಜಾಡಿದ್ದರೋ.

ಮಜಾ ಬಂದುಬಿಡುತ್ತೆ ಅನ್ನುವವರಿಗೆ ನನ್ನದೊಂದು ಸಲಹೆ. ಮೊದಲು ನಿಂಟೆಂಡೊ 64 ಅನ್ನೋ ಗೇಮ್ ಪೆಟ್ಟಿಗೆಗೆ ಬಂದ ಸೂಪರ್‌ಮ್ಯಾನ್ ಆಡಿ ನೋಡಿ. ಟೈಟಸ್ ಕಂಪನಿಯ 1999ರ ಪ್ರಸಾದ. ಪ್ರಪಂಚದ ಅತಿ ಬಲಶಾಲಿ ಇದರಲ್ಲಿ ಮಾಡುವ ಘನಕಾರ್ಯ ಅಂದರೆ ಗಾಳಿಯಲ್ಲಿ ನೇತಾಡುವ ಬಳೆಗಳೊಳಗೆ ನುಸುಳುವುದು. ಅದೂ ಹೊತ್ತು ಮೀರದಂತೆ. ಬಳೆ ಮುಗಿದರೆ ಬೇರೆ ಏನೋ ಕೆಲಸ, ಆಮೇಲೆ ಮತ್ತೆ ಬಳೆ. ಊರು ಯಾಕೆ ಕಾಣಿಸಲ್ಲ ಎಂದರೆ ಸೂಪರ್‌ಮ್ಯಾನ್‌ನ ಶಕ್ತಿ ಹೀರುವ ಕ್ರಿಪ್ಟೊನೈಟ್ ಮಂಜು ಕವಿದಿದೆಯಂತೆ. ದೂರದ ಕಟ್ಟಡ ತೋರಿಸೋಕೆ ಆ ಗೇಮಿಗೆ ಆಗುತ್ತಿರಲಿಲ್ಲ ಅನ್ನೋದು ನಿಜವಾದ ಕಾರಣ. ನಮ್ಮೂರ ರಸ್ತೆ ಗುಂಡಿಗೆ ಮಳೆ ಕಾರಣ ಅಂದಹಾಗೆ.

ಇದನ್ನು ನೋಡಲೆಂದು ಸಾಲ ಮಾಡಿ ಬಂದ ಸಂಶೋಧಕನ ಬೆನ್ನ ಹಿಂದೆ ಒಬ್ಬ ಕಾವಲುಗಾರ ನಿಂತಿದ್ದಾನೆ ಅಂದುಕೊಳ್ಳಿ.

"ಏನ್ರೀ, ಖುಷಿಪಡ್ತಾ ಇದೀರಾ?"

"ಇಲ್ಲ ಸಾರ್, ಸೂಪರ್‌ಮ್ಯಾನ್ 64."

"ಸರಿ ಸರಿ, ಮುಂದುವರಿಸಿ."

1990ರ ಸಿಲ್ವರ್ ಸರ್ಫರ್‌ಗೂ ಇದೇ ರಿಯಾಯಿತಿ ಕೊಡಬಹುದು. ಬ್ರಹ್ಮಾಂಡ ಸುತ್ತುವ ಆಸಾಮಿ ಅದರಲ್ಲಿ ಗೋಡೆಗೆ ಭುಜ ತಗುಲಿದರೆ ಸಾಯುತ್ತಾನೆ. ನಮ್ಮ ಹಜಾರದಲ್ಲಿ ಒಂದು ದಿನವೂ ಬದುಕುತ್ತಿರಲಿಲ್ಲ. ಹಿಂದೆ ಬರುವ ಟಿಮ್ ಫಾಲಿನ್ ಸಂಗೀತ ಮಾತ್ರ ಅಪ್ಪಟ ಚಿನ್ನ. ಸಾಯುವುದಕ್ಕೆ ಇಷ್ಟು ಒಳ್ಳೆಯ ವಾದ್ಯ ಯಾರಿಗೂ ಸಿಕ್ಕಿಲ್ಲ.

ಸಾಕು, ತಮಾಷೆ ನನಗೂ ಸುಸ್ತಾಯಿತು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ ನೂರಕ್ಕೆ 87 ಮಾರಾಟಕ್ಕಿಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಎಣಿಸಿ ಹೇಳಿದ್ದು. ಕಂಪನಿಗಳು ಇವನ್ನು ಮಾರುವುದಿಲ್ಲ. ಲೈಬ್ರರಿ ಮನೆಗೆ ಕೊಡುತ್ತೇನೆ ಅಂದರೆ ಬೇಡ ಅನ್ನುತ್ತವೆ. ಯಾವ ಷರತ್ತು ಹಾಕಿದರೆ ಒಪ್ಪುತ್ತೀರಿ ಎಂಬ ಮಾತು ಬಂದಾಗ, ಯಾವುದಕ್ಕೂ ಒಪ್ಪಲ್ಲ ಎಂದು ಅವರ ಸಂಘದವರು ವಿಚಾರಣೆಯಲ್ಲೇ ಹೇಳಿದರು. ತಾನೂ ತಿನ್ನ, ಪರರಿಗೂ ಕೊಡ. ಆಟ ಮಾಡಿದವರಿಗೆ ವಯಸ್ಸಾಗುತ್ತಿದೆ. ಕ್ಯಾಸೆಟ್ಟಿನೊಳಗಿನ ಬ್ಯಾಟರಿ ಸೋರುತ್ತಿದೆ. ಇವರು ಮಾತ್ರ ಯಾರಿಗೆ ಖುಷಿಯಾಗುತ್ತೋ ಎಂದು ಕಾವಲು ಕೂತಿದ್ದಾರೆ. ನಾಚಿಕೆ ಆಗಬೇಕು.

ಆಟದ ಫೈಲ್ ಹೇಗೂ ಇಂಟರ್ನೆಟ್ಟಿನಲ್ಲಿ ಸಿಗುತ್ತಲ್ಲ ಅನ್ನಬೇಡಿ. ಕದ್ದ ಫೈಲ್ ಇಟ್ಟುಕೊಂಡವರಿಂದಲೇ ಎಷ್ಟೋ ಆಟ ಉಳಿದಿವೆ, ನಿಜ. ಆದರೆ ಫೈಲ್ ಒಂದೇ ಆಟ ಅಲ್ಲ. ಸೆಗಾ ಜೆನೆಸಿಸ್ ಅನ್ನೋ ಗೇಮ್ ಪೆಟ್ಟಿಗೆಗೆ 1993ರಲ್ಲಿ ಬಂದ ಎಕ್ಸ್-ಮೆನ್‌ನಲ್ಲಿ ಒಂದು ಕಡೆ ಕಂಪ್ಯೂಟರನ್ನು ರೀಸೆಟ್ ಮಾಡು ಅನ್ನುತ್ತೆ. ಪರದೆಯಲ್ಲಿ ಎಲ್ಲಿ ಹುಡುಕಿದರೂ ಬಟನ್ ಇಲ್ಲ. ಎದ್ದು ಹೋಗಿ ನಿಜವಾದ ಪೆಟ್ಟಿಗೆಯ ರೀಸೆಟ್ ಒತ್ತಬೇಕು, ಅದೂ ಮೆಲ್ಲಗೆ. ಸ್ವಲ್ಪ ಜಾಸ್ತಿ ಹೊತ್ತು ಒತ್ತಿದಿರೋ, ಮೊದಲಿಂದ ಶುರು. ಆಮೇಲೆ ಸೆಗಾದವರೇ ಅದೇ ಕ್ಯಾಸೆಟ್ ಹಾಕಿ ಆಡೋಕೆ ನೋಮ್ಯಾಡ್ ಅಂತ ಕೈಯಲ್ಲಿ ಹಿಡಿಯೋ ಮೆಷಿನ್ ತಂದರು. ಅದಕ್ಕೆ ರೀಸೆಟ್ ಬಟನ್ನೇ ಇಲ್ಲ.

ಅದಕ್ಕೂ ಮುಂಚೆ, 1989ರಲ್ಲಿ, ನಿಂಟೆಂಡೊಗೆ ಇನ್ನೊಂದು ಎಕ್ಸ್-ಮೆನ್ ಬಂದಿತ್ತು. ಅದರ ಕೊನೆಯ ಹಂತಕ್ಕೆ ಹೋಗಲು ಯಾವ ಬಟನ್ ಒತ್ತಬೇಕು ಎಂಬ ಗುಟ್ಟು ಪೂರ್ತಿಯಾಗಿ ಆಟದೊಳಗೆ ಇರಲಿಲ್ಲ. ಕ್ಯಾಸೆಟ್ ಮೇಲಿನ ಸ್ಟಿಕ್ಕರಿನ ತಳದಲ್ಲಿ ಅಚ್ಚಾಗಿತ್ತು. ಅದರಲ್ಲೂ ಒಂದು ಬಟನ್ನಿನ ಹೆಸರು ಬಿಟ್ಟುಹೋಗಿತ್ತು.

ಇದನ್ನು ಓದಿದ ಮೇಲೆ ಊರಿಗೆ ಹೋದಾಗ ಅಟ್ಟ ಹತ್ತಿ ನಮ್ಮ ಹಳದಿ ಕ್ಯಾಸೆಟ್ ಹುಡುಕಿದೆ. ಸಿಕ್ಕಿತು. ಸ್ಟಿಕ್ಕರ್ ಅರ್ಧ ಹರಿದಿತ್ತು. ಬಂದೂಕು ಹಿಡಿದ ಕಾಂಟ್ರಾ ಆಟದ ಇಬ್ಬರು, ಪಕ್ಕದಲ್ಲಿ 9999. ಅದರ ಕೆಳಗೆ ಅಮ್ಮನ ದುಂಡು ಅಕ್ಷರ, ನೀಲಿ ಬಾಲ್ ಪೆನ್: "ಪರೀಕ್ಷೆ ಮುಗಿದ ಮೇಲೆ."