ಹಾಡು ಎಣಿಸಿದರೆ ಸಂಗೀತ ನಾಟಕವಾಗುವುದೇ?

ಹೋದ ವರ್ಷ ನಮ್ಮ ತಂಡ ಒಂದು ನಾಟಕ ಸ್ಪರ್ಧೆಗೆ ಹೆಸರು ಕೊಟ್ಟಾಗ, ಅರ್ಜಿಯಲ್ಲಿ ‘ಸಾಮಾಜಿಕ ನಾಟಕ’ ಎಂದು ನಾವು ಬರೆದಿದ್ದನ್ನು ಸಂಘಟಕರು ಹೊಡೆದುಹಾಕಿ ‘ಸಂಗೀತ ನಾಟಕ’ ಎಂದು ತಿದ್ದಿದರು. ಕಾರಣ ಕೇಳಿದ್ದಕ್ಕೆ, ಏಳು ಹಾಡುಗಳಿವೆಯಲ್ಲ ಎಂದರು. ಆ ಉತ್ತರ ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತಿದೆ.

ಎಣಿಕೆಯೇ ಅಳತೆಯಾದರೆ ನಮ್ಮ ಹಾಸನ ಸೀಮೆಯ ‘ಕುರುಕ್ಷೇತ್ರ’ವನ್ನು ಎಲ್ಲಿಡಬೇಕು? ಹಾಸನಾಂಬ ಕಲಾಕ್ಷೇತ್ರದಲ್ಲಾಗಲಿ, ಹಬ್ಬಕ್ಕೆ ಹಾಕಿದ ಊರ ಚಪ್ಪರದಲ್ಲಾಗಲಿ ಅದನ್ನು ನೋಡಿದವರಿಗೆ ಗೊತ್ತು: ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆಂದರೆ ಕಂದ, ವೃತ್ತ, ಹಾಡುಗಳು ಬೆಳಗಿನ ಜಾವದವರೆಗೆ ನಿಲ್ಲುವುದಿಲ್ಲ. ಆದರೂ ನಾವು ಅದನ್ನು ಪೌರಾಣಿಕ ನಾಟಕ ಎನ್ನುತ್ತೇವೆಯೇ ಹೊರತು ಸಂಗೀತ ನಾಟಕ ಎನ್ನುವುದಿಲ್ಲ. ಹಾಡು ತೆಗೆದರೂ ಕಥೆ ಉಳಿದರೆ ಅದು ಬರಿಯ ನಾಟಕ ಎಂದು ಕೆಲವರು ಹೇಳುವುದುಂಟು. ಈ ಮಾತು ‘ಕುರುಕ್ಷೇತ್ರ’ದ ಮುಂದೆ ನಿಲ್ಲಲಾರದು. ಅಲ್ಲಿ ಕಥೆ ಮೊದಲೇ ಎಲ್ಲರಿಗೂ ಗೊತ್ತು. ಹಗಲೆಲ್ಲ ಗದ್ದೆಯಲ್ಲಿ ದುಡಿದ ಮನುಷ್ಯ ರಾತ್ರಿ ದುರ್ಯೋಧನನಾಗಿ ತಾರಸ್ಥಾಯಿಗೆ ಏರಿ ನಿಂತಾಗ ಜನ ‘ಒನ್ಸ್ ಮೋರ್’ ಕೂಗುವುದು ಕಥೆಗಾಗಿ ಅಲ್ಲ, ಆ ಛಲ ಮಾತಿನಲ್ಲಿ ಹಿಡಿಸದೆ ಸ್ವರಕ್ಕೆ ಏರಿದ್ದಕ್ಕಾಗಿ.

ಮರಾಠಿಯವರು ಈ ಗೊಂದಲವನ್ನು ಹೆಸರಿನಲ್ಲೇ ಬಗೆಹರಿಸಿಕೊಂಡರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಮೇಲೆ, ನಾಟಕದ ಹೆಸರಿನ ಹಿಂದೆ ‘ಸಂಗೀತ’ ಎಂದು ಸೇರಿಸುವುದು ಅಲ್ಲಿ ರೂಢಿಯಾಯಿತು.

ನಾಟಕಕ್ಕೂ ಸಂಗೀತ ನಾಟಕಕ್ಕೂ ಬೇರೆ ಬೇರೆ ಬಹುಮಾನ ಕೊಡುವ ನ್ಯೂಯಾರ್ಕಿನ ಟೋನಿ ರಂಗಪ್ರಶಸ್ತಿಯವರಿಗೂ ಗೆರೆ ನೇರವಾಗಿ ಎಳೆಯಲಾಗಿಲ್ಲ. 2000ದಲ್ಲಿ ಶ್ರೇಷ್ಠ ಸಂಗೀತ ನಾಟಕವೆನಿಸಿದ ‘ಕಾಂಟ್ಯಾಕ್ಟ್’ ಮೊದಲೇ ಧ್ವನಿಮುದ್ರಿಸಿದ ಸಂಗೀತಕ್ಕೆ ಕುಣಿಯುವ ಪ್ರಯೋಗವಾಗಿತ್ತು. 2024ರಲ್ಲಿ ‘ಸ್ಟೀರಿಯೊಫೋನಿಕ್’ಗೆ ಶ್ರೇಷ್ಠ ನಾಟಕದ ಪ್ರಶಸ್ತಿ ಬಂತು, ಅದರ ಹಾಡುಗಳು ಸಂಗೀತ ರಚನೆಯ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿದ್ದವು. ಈ ಎರಡನೆಯ ತೀರ್ಮಾನ ನನಗೆ ಸರಿಯೆನಿಸುತ್ತದೆ. ಅದರ ಪಾತ್ರಗಳು ಸ್ಟುಡಿಯೊದಲ್ಲಿ ಆಲ್ಬಮ್ ಮುದ್ರಿಸುತ್ತಿರುವ ವಾದ್ಯವೃಂದದವರು. ತಾವು ಹಾಡುತ್ತಿದ್ದೇವೆಂಬುದು ಅವರಿಗೆ ಗೊತ್ತಿದೆ. ನಮ್ಮ ದುರ್ಯೋಧನನಿಗಾದರೋ ತಾನು ಹಾಡುತ್ತಿದ್ದೇನೆಂಬುದೇ ಗೊತ್ತಿಲ್ಲ, ಅವನ ಪಾಲಿಗೆ ಅದು ಮಾತು. ನಾನು ಹುಡುಕುವ ಗೆರೆ ಇಲ್ಲಿದೆ.

ಈ ಗೆರೆಯೂ ಕೆಲವೆಡೆ ಮಸುಕಾಗುತ್ತದೆಂದು ಬಲ್ಲೆ. ಜರ್ಮನ್ ನಾಟಕಕಾರ ಬ್ರೆಕ್ಟ್ ಮತ್ತು ಸಂಗೀತ ರಚನೆಕಾರ ಕುರ್ಟ್ ವೈಲ್ 1928ರಲ್ಲಿ ಬರ್ಲಿನ್ನಿನಲ್ಲಿ ಆಡಿಸಿದ ‘ಮೂರು ಕಾಸಿನ ಸಂಗೀತ ನಾಟಕ’ದಲ್ಲಿ ಹಾಡು ಕಥೆಯನ್ನು ಮುಂದಕ್ಕೆ ಒಯ್ಯದೆ ತಡೆದು ನಿಲ್ಲಿಸುತ್ತದೆ, ನಟ ಪಾತ್ರದಿಂದ ಅರ್ಧ ಹೊರಬಂದು ನಮ್ಮತ್ತ ತಿರುಗಿ ಹಾಡುತ್ತಾನೆ. ಕಾರ್ನಾಡರ ‘ಹಯವದನ’ದ ಭಾಗವತನಂತೂ ಕಥೆಯ ಒಳಗೂ ಇದ್ದಾನೆ, ಹೊರಗೂ ಇದ್ದಾನೆ. ಇಂಥ ಕೃತಿಗಳನ್ನು ಯಾವುದಾದರೊಂದು ಪಟ್ಟಿಗೆ ಸೇರಿಸಲೇಬೇಕೆಂಬ ಹಟ ನನಗೆ ಅನಗತ್ಯವೆನಿಸುತ್ತದೆ. ಆದರೆ ಹಾಡುಗಳನ್ನು ಎಣಿಸುವ ಬದಲು ಯಾರು ಹಾಡುತ್ತಿದ್ದಾರೆ, ಯಾರಿಗಾಗಿ ಹಾಡುತ್ತಿದ್ದಾರೆ, ಏಕೆ ಮಾತು ಸಾಲದಾಯಿತು ಎಂದು ಕೇಳುವಷ್ಟು ವ್ಯವಧಾನ ತೀರ್ಪುಗಾರರಿಗೆ ಇರಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮ ಏಳು ಹಾಡುಗಳಲ್ಲಿ ಐದು, ನಾಟಿ ಮಾಡುವ ಹೆಂಗಸರು ಗದ್ದೆಯಲ್ಲಿ ಹಾಡಿಕೊಳ್ಳುವ ಪದಗಳು. ಅವು ಇದ್ದರೂ ಅದು ಬರಿಯ ನಾಟಕವೇ. ಉಳಿದೆರಡು ಮಾತ್ರ, ಊರು ಬಿಟ್ಟು ಹೊರಟ ಮಗನೆದುರು ತಾಯಿ ಹಾಡುವಂಥವು. ಸ್ಪರ್ಧೆ ಮುಗಿದ ಮೇಲೆ ಅವೆರಡನ್ನೂ ಮಾತಾಗಿ ಬರೆದು, ತಾಲೀಮಿನಲ್ಲಿ ನಾಲ್ಕು ಸಂಜೆ ಆಡಿಸಿ ನೋಡಿದೆವು. ಅದೇ ನಟಿ, ಅದೇ ಪದಗಳು. ಆದರೆ ತಾಯಿ ಮಗನ ಮೇಲೆ ದೂರು ಹೇಳುತ್ತಿರುವಂತೆ ಕೇಳಿಸಿತು. ಐದನೆಯ ಸಂಜೆ ಹಾರ್ಮೋನಿಯಂ ಮತ್ತೆ ತರಿಸಿದೆವು.