ಮೌಲ್‌ವುರ್ಫ್ ತೋಡಿದ ಹಿತ್ತಲು

ಮಾರ್ಚ್‌ನ ಒಂದು ಬೆಳಿಗ್ಗೆ ನೋಡಿದರೆ ಜರ್ಮನಿಯ ನಮ್ಮ ಮನೆ ಹಿತ್ತಲಿನ ಹುಲ್ಲಿನ ಮೇಲೆ ಏಳು ಮಣ್ಣಿನ ಗುಡ್ಡೆ. ನಾನು ಶಿರಸಿ ಕಡೆಯವನು, ಹೆಗ್ಗಣ ಅಂತಲೇ ಅಂದುಕೊಂಡೆ. ಬಿಲಕ್ಕೆ ನೀರು ಬಿಡಲು ಪೈಪು ಎಳೆದು ತಂದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೂಗಿದರು: "ಬೇಡ, ಬೇಡ! ಅದು ಮೌಲ್‌ವುರ್ಫ್!"

ಇಂಗ್ಲಿಷಿನ ಮೋಲ್, ನೆಲದೊಳಗೆ ಸುರಂಗ ತೋಡುವ ಪುಟ್ಟ ಪ್ರಾಣಿ. ನಮ್ಮ ಸುಂಡಿಲಿಯ ದೂರದ ನೆಂಟ. ಜರ್ಮನಿಯಲ್ಲಿ ಇದನ್ನು ಕೊಲ್ಲುವಂತಿಲ್ಲ, ಹಿಡಿಯುವಂತೆಯೂ ಇಲ್ಲ, ನಮ್ಮದೇ ಹಿತ್ತಲಾದರೂ ಸರಿ. ಮೀರಿದರೆ ಸಾವಿರಾರು ಯೂರೋ ದಂಡ ಬೀಳಬಹುದು. 2020ರಲ್ಲಿ ಇಲ್ಲಿ 'ವರ್ಷದ ಪ್ರಾಣಿ' ಎಂದು ಆರಿಸಿದ್ದೂ ಇದನ್ನೇ. ಇದು ಬೇರು ತಿನ್ನುವುದಿಲ್ಲ. ಎರೆಹುಳು ತಿನ್ನುತ್ತದೆ, ನಮ್ಮ ಅಡಿಕೆ ತೋಟದ ಬೇರುಹುಳುವಿನಂಥ ಹುಳುಗಳನ್ನೂ ತಿನ್ನುತ್ತದೆ. "ಗುಡ್ಡೆಯ ಮಣ್ಣು ಕುಂಡಕ್ಕೆ ಹಾಕಿಕೊಳ್ಳಿ" ಎಂದರು ಅಜ್ಜಿ. ಹಾಕಿದೆ. ಆ ಸಲದ ಕೊತ್ತಂಬರಿಯಂಥದ್ದು ನಾನು ಇಲ್ಲಿ ಬೆಳೆದೇ ಇರಲಿಲ್ಲ.

ಅಜ್ಜಿಯ ಹಿತ್ತಲಲ್ಲಿ ಅರ್ಧ ಹುಲ್ಲನ್ನು ಕತ್ತರಿಸುವುದೇ ಇಲ್ಲ. ಮೂಲೆಯಲ್ಲಿ ಒಣ ಟೊಂಗೆ, ತರಗೆಲೆಯ ರಾಶಿ. ಮುಳ್ಳಿಲಿ ಅದರೊಳಗೆ ಚಳಿಗಾಲ ಕಳೆಯಲಿ ಅಂತ. ಅಮ್ಮ ನೋಡಿದ್ದರೆ ಹಾಳು ಬಿದ್ದ ಹಿತ್ತಲು ಅನ್ನುತ್ತಿದ್ದರು. ನಾನಿರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಂತೂ ಮನೆ ಮುಂದೆ ಗಿಡ ಬಿಟ್ಟು ಬರೀ ಜಲ್ಲಿ ಸುರಿಯುವುದಕ್ಕೂ 2020ರಿಂದ ಕಾನೂನಿನ ತಡೆ ಇದೆ.

ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ಸಗಣಿ ಸಾರಿಸುತ್ತಿದ್ದ ಅಂಗಳಕ್ಕೆ ಅಣ್ಣ ಇಂಟರ್‌ಲಾಕ್ ಹಾಕಿಸಿದ್ದ. ದಾಸವಾಳದ ಬೇಲಿ ಹೋಗಿ ಕಾಂಪೌಂಡ್ ಬಂದಿತ್ತು. "ಕಸ ಜಾಸ್ತಿ ಆಗ್ತಿತ್ತು ತಮ್ಮಾ, ಹಾವು ಹುಳ ಬೇರೆ" ಎಂದ. ನನಗೆ ಗಂಟಲು ಕಟ್ಟಿತು. ಕಾಡಿನ ನಡುವೆ ಇರುವ ನಾವೇ ಮಣ್ಣನ್ನು ಹೀಗೆ ಮುಚ್ಚಿದರೆ ಹೇಗೆ? ಒಂದು ಜೇಡ ಕಂಡರೂ ಸ್ಪ್ರೇ, ಒಂದು ಬಿಲ ಕಂಡರೂ ವಿಷದ ಗುಳಿಗೆ. ಇಷ್ಟು ಅಸಹನೆ ನಮಗೆ ಯಾವಾಗ ಬಂತು? ಮೊದಲು ಹೀಗಿರಲಿಲ್ಲ, ಅಲ್ವಾ?

ಆದರೂ ಅಣ್ಣನದೇ ಪೂರ್ತಿ ತಪ್ಪು ಎನ್ನಲಾರೆ. ಮೌಲ್‌ವುರ್ಫ್ ಹುಲ್ಲು ಕೆಡಿಸುತ್ತದೆ, ಅಷ್ಟೇ. ಊರಿನ ಹೆಗ್ಗಣ ಗೆಣಸು, ಸುವರ್ಣಗಡ್ಡೆ ಯಾವುದನ್ನೂ ಬಿಡುವುದಿಲ್ಲ. ಇಲಿಜ್ವರದ ಭಯ ಬೇರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಕತ್ತಲಲ್ಲಿ ಇಳಿಯಬೇಕಾದವರು ಅಮ್ಮ, ನಾನಲ್ಲ. ಮನೆ ಹಿಂದಿನ ನಾಗರಬನಕ್ಕೆ ಅಣ್ಣ ಈವರೆಗೆ ಕತ್ತಿ ತಾಗಿಸಿಲ್ಲ ಎನ್ನುವುದೂ ನಿಜ.

ಹೊರಡುವ ಹಿಂದಿನ ದಿನ ಅವನನ್ನು ಕೇಳಿ ಅಂಗಳದ ಮೂಲೆಯ ಆರು ಇಂಟರ್‌ಲಾಕ್ ಕಿತ್ತೆ. ದಾಸವಾಳದ ಗೆಲ್ಲು ಊರಿದೆ. ಅಣ್ಣ ಏನೂ ಮಾತಾಡದೆ ಒಂದು ಕೊಡ ನೀರು ತಂದು ಹೊಯ್ದ.